ಇಂಗ್ಲಿಷ್ ಬಹುವಚನ: ನಿಯಮ ಮೊದಲಾ, ಕಿವಿ ಮೊದಲಾ?

ಮಕ್ಕಳಿಗೆ ಇಂಗ್ಲಿಷ್ ಬಹುವಚನ ಕಲಿಸಲು ಎರಡು ದಾರಿ ಇವೆ. ಒಂದು, ನಿಯಮ ಬರೆಸುವುದು: ಬುಕ್‌ಗೆ ಎಸ್, ಬಾಕ್ಸ್‌ಗೆ ಇಎಸ್, ಬೇಬಿಯ ವೈ ತೆಗೆದು ಐಇಎಸ್. ಇನ್ನೊಂದು, ವಸ್ತು ತೋರಿಸಿ, ಕೇಳಿಸಿ, ಹೇಳಿಸುವುದು.

ನಿಯಮದ ದಾರಿ ಬೇಗ ಮುಗಿಯುತ್ತದೆ, ಸ್ಪೆಲಿಂಗ್ ಗಟ್ಟಿಯಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಸರಿ ಬರೆದ ಮಗುವೇ ಮಾತಾಡುವಾಗ ‘ಟೂ ಬುಕ್’ ಅನ್ನುತ್ತದೆ. ಅದು ದಡ್ಡತನ ಅಲ್ಲ. ಕನ್ನಡದಲ್ಲಿ ‘ಎರಡು ಪುಸ್ತಕ ಕೊಡು’ ಅಂದರೆ ಸಾಕು, ‘ಗಳು’ ಬೇಕೇಬೇಕು ಅಂತಿಲ್ಲ, ಅಲ್ವಾ? ಇಂಗ್ಲಿಷಿನಲ್ಲಿ ಎರಡು ಅಂದ ಮೇಲೂ ಎಸ್ ಬೇಕು. ಈ ವ್ಯತ್ಯಾಸ ಕಿವಿಗೆ ಬೀಳಬೇಕು. ಸುಮ್ನೆ ಬೋರ್ಡ್ ನೋಡಿ ಬರೆದುಕೊಂಡರೆ ಸಾಲದು.

ಕೇಳಿಸುವ ದಾರಿಯಲ್ಲಿ ಉಚ್ಚಾರಣೆಯೂ ಬರುತ್ತದೆ. ಬಹುವಚನದ ಬಾಲಕ್ಕೆ 3 ದನಿ ಇವೆ: ‘ಕ್ಯಾಟ್ಸ್’ನಲ್ಲಿ ಸ್, ‘ಡಾಗ್ಜ್’ನಲ್ಲಿ ಜ್, ‘ಬಸಿಜ್’ನಲ್ಲಿ ಇಜ್. ಇದಕ್ಕೆ ಸಮಯ ಜಾಸ್ತಿ ಬೇಕು. ದೊಡ್ಡ ತರಗತಿಯಲ್ಲಿ ನಿಜವಾಗಿಯೂ ಕಷ್ಟ.

ಚೈಲ್ಡ್–ಚಿಲ್ಡ್ರನ್, ಫುಟ್–ಫೀಟ್ ಮಾತ್ರ ಎರಡೂ ದಾರಿಯಲ್ಲಿ ಬಾಯಿಪಾಠವೇ.

ಮಕ್ಕಳು 3 ಅಥವಾ 4ನೇ ತರಗತಿಯಲ್ಲಿದ್ದರೆ ಕೇಳಿಸುವ ದಾರಿ ಹಿಡಿಯಿರಿ. 6ನೇ ತರಗತಿ ದಾಟಿದವರು ಬರವಣಿಗೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ನಿಯಮದಿಂದ ಶುರು ಮಾಡಿ.