ಫುಲ್ ಸೈಜ್ ಕೇರಂ ಬೋರ್ಡ್, ಐದು ತಿಂಗಳಾದ್ಮೇಲಿನ ರಿವ್ಯೂ (ಮಕ್ಕಳಿರೋ ಮನೆಯವ್ರಿಗೆ)

ರಿವ್ಯೂ ಇಷ್ಟು ಲೇಟಾಗಿ ಬರೀತಿರೋದಕ್ಕೆ ಕಾರಣ ಇದೆ, ತಗೊಂಡ ಮೊದಲನೇ ವಾರದಲ್ಲೇ ಬರೆದಿದ್ರೆ ಒಂದೇ ಒಂದು ಸ್ಟಾರ್ ಕೊಟ್ಟು ಕೈ ತೊಳ್ಕೊಳ್ತಿದ್ದೆ. ಬೋರ್ಡ್‌ದೇನೂ ತಪ್ಪಿರ್ಲಿಲ್ಲ, ತಪ್ಪು ನಂದೇ, ಅದನ್ನ ಆಮೇಲೆ ಹೇಳ್ತೀನಿ.

ನಮ್ದು ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ನಾನು, ಹೆಂಡ್ತಿ, ನಮ್ಮಮ್ಮ, ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ. ಜೂನಲ್ಲಿ ಇಬ್ರಿಗೂ ಸ್ಕೂಲ್ ಚೇಂಜ್ ಮಾಡಿದ್ವಿ, ಅಲ್ಲಿಂದ ಚಿಕ್ಕೋನು ಮೆತ್ತಗಾಗ್ಬಿಟ್ಟ. ಅಳು ಇಲ್ಲ, ಹಠ ಇಲ್ಲ, ಸ್ಕೂಲಲ್ಲಿ ಏನಾಯ್ತೋ ಅಂದ್ರೆ "ಏನಿಲ್ಲ", ಡಬ್ಬಿ ಖಾಲಿ ಮಾಡಿದ್ಯಾ ಅಂದ್ರೆ "ಹೂಂ", ಬ್ಯಾಗ್ ಎಸೆದು ಅಜ್ಜಿ ಫೋನ್ ತಗೊಂಡು ಮೂಲೆ ಸೇರಿದ್ರೆ ಊಟಕ್ಕೇ ಏಳೋದು. ಈ ವಯಸ್ಸಿಗೆ ದಿನಕ್ಕೆ 2 ಗಂಟೆ ಒಳಗೇ ಸ್ಕ್ರೀನ್ ಇರ್ಲಿ ಅಂತ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವ್ರು ಹೇಳಿರೋದು ಓದಿದ್ದೆ, ಸರಿ ಅಂತ ಫೋನ್ ಕಿತ್ಕೊಂಡೆ, ಫ್ಯಾನ್ ನೋಡ್ಕೊಂಡು ಮಲಗಿದ. ಫೋನ್ ಇದ್ರೂ ಮಾತಿಲ್ಲ, ಇಲ್ದಿದ್ರೂ ಮಾತಿಲ್ಲ ಅಂದ್ಮೇಲೆ ವಿಷ್ಯ ಬೇರೇನೋ ಇದೆ ಅನ್ನಿಸ್ತು.

ಸ್ಕೂಲಿನ ಕೌನ್ಸೆಲರ್ ಮೇಡಂ ಹತ್ರ ಕೇಳಿದ್ವಿ. ದಿನಾ ಹದಿನೈದು ನಿಮಿಷ ಅವ್ನ ಜೊತೆ ಏನಾದ್ರೂ ಆಡಿ ಸರ್, ಆ ಹೊತ್ತಲ್ಲಿ ಪ್ರಶ್ನೆ ಕೇಳ್ಬೇಡಿ, ತಿದ್ದಬೇಡಿ, ಕಲಿಸೋಕೆ ಹೋಗ್ಬೇಡಿ ಅಂದ್ರು. ನಂಗೆ "ಆಡಿ" ಅನ್ನೋದು ಮಾತ್ರ ಕೇಳಿಸ್ತು. ಕಾಲೇಜಲ್ಲಿ ಹಾಸ್ಟೆಲ್ ಕೇರಂ ಟೀಮಲ್ಲಿದ್ದವ್ನು ನಾನು, ಇನ್ನೇನ್ ಬೇಕು.

ಮೊದ್ಲು ಮೊಬೈಲಲ್ಲೇ ಆರ್ಡರ್ ಮಾಡಿದ್ದು ಒಂದು "ಕಿಡ್ಸ್ ಸೈಜ್" ಬೋರ್ಡು. ದಯವಿಟ್ಟು ತಗೋಬೇಡಿ. ಪ್ಲೈವುಡ್ ಹಪ್ಪಳದ ಥರ, ಮಧ್ಯ ಒತ್ತಿದ್ರೆ ಬಳುಕುತ್ತೆ, ಸ್ಟ್ರೈಕರ್ ಬಿಟ್ರೆ ಫ್ರೇಮಿಗೆ ತಗುಲಿ ಅಲ್ಲೇ ಸತ್ತು ಬೀಳುತ್ತೆ, ಕಾಯಿಗಳೆಲ್ಲ ಒಂದೇ ಮೂಲೆಗೆ ಉರುಳ್ಕೊಂಡು ಹೋಗ್ತವೆ. ದೊಡ್ಡೋರಿಗೇ ಕಾಯಿ ಹಾಕೋಕಾಗಲ್ಲ, ಮಕ್ಕಳು ಎರಡನೇ ದಿನಕ್ಕೆ ಬಿಟ್ಟೇ ಬಿಡ್ತಾರೆ, ನಾವು "ಈಗಿನ ಮಕ್ಕಳಿಗೆ ಆಟಾನೇ ಬೇಡ" ಅಂತ ಬೈಕೊಳ್ತೀವಿ. ರಿಟರ್ನ್ ಹಾಕಿ ದುಡ್ಡು ಬರೋಕೆ ಮೂರು ವಾರ ಹಿಡೀತು.

ಆಮೇಲೆ ಶನಿವಾರ ಅವೆನ್ಯೂ ರೋಡ್ ಕಡೆ ಹೋಗಿ, ಅಲ್ಲೇ ಒಂದು ಗಲ್ಲಿ ಒಳಗಿನ ಸ್ಪೋರ್ಟ್ಸ್ ಅಂಗಡೀಲಿ ಕೈಯಾರೆ ನೋಡಿ ತಗೊಂಡೆ. ಆಡೋ ಜಾಗ 29 ಇಂಚು, ಅದೇ ಟೂರ್ನಮೆಂಟ್ ಸೈಜು, ಫ್ರೇಮ್ ಎಲ್ಲಾ ಸೇರಿ 35 ಇಂಚು ಹತ್ತಿರ ಬರುತ್ತೆ. ಪ್ಲೈ 8 ಎಂಎಂ. 4 ಎಂಎಂದು ಅರ್ಧ ರೇಟಿಗೆ ಸಿಗುತ್ತೆ, ಬೇಡ, ನೆಲದ ಮೇಲೆ ಇಟ್ಟು ಆಡೋ ಮನೇಲಿ ಯಾರಾದ್ರೂ ಕೈ ಊರೇ ಊರ್ತಾರೆ. ಅಂಗಡಿ ಯಜಮಾನ್ರು ಸ್ಟ್ರೈಕರ್ ಇಟ್ಟು ಜೋರಾಗಿ ಒಂದು ಹೊಡೆದು ತೋರಿಸಿದ್ರು, ಆ ಕಡೆ ಈ ಕಡೆ ಮೂರು ಸಲ ಫ್ರೇಮಿಗೆ ತಗುಲಿ ಇನ್ನೂ ಹೋಗ್ತಾನೇ ಇತ್ತು. ನೀವೂ ಹಿಂಗೇ ಹೊಡೆದು ನೋಡಿ ತಗೊಳ್ಳಿ, ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ನಾಲ್ಕು ಮೂಲೇಲೂ ಒಂದೊಂದು ಕಾಯಿ ನಿಲ್ಲಿಸಿ ಉರುಳುತ್ತಾ ನೋಡಿ. ಸ್ಟ್ರೈಕರ್ 15 ಗ್ರಾಂ ಮೀರಬಾರ್ದು ಅಂತ ರೂಲ್ಸೇ ಇದೆ, ಮಕ್ಕಳ ಬೆರಳಿಗೂ ಅದಕ್ಕಿಂತ ಹಗುರದ್ದೇ ಒಳ್ಳೇದು, ಭಾರದ್ದು ಹೊಡೆದು ಹೊಡೆದು ಉಗುರು ನೋವಂತಾರೆ. ಕಾಯಿ ಸ್ಟ್ರೈಕರ್ ಎಲ್ಲಾ ಸೇರಿ 2,900 ಆಯ್ತು.

ಮನೆಗೆ ತರೋದೊಂದು ಕಥೆ. ಆಟೋದವ್ರು "ಮಂಚ ಬೇರೆ ಇದ್ಯಾ ಸರ್ ಹಿಂದೆ" ಅಂದು ಒಂದೂವರೆ ಮೀಟರ್ ಕೇಳಿದ್ರು, ಕೊಟ್ಟೆ. ಬೋರ್ಡ್ ಅಡ್ಡ ಇಟ್ಟು, ಅರ್ಧ ಆಚೆ ಅರ್ಧ ನನ್ನ ತೊಡೆ ಮೇಲೆ, ಮಾಗಡಿ ರೋಡ್ ಪೂರ್ತಿ ಬೈಕಿನವ್ರ ಬೈಗುಳ.

ಈಗ ಆ ಮೊದಲನೇ ವಾರ. ಮಗ ಕೂತ, ಸ್ಟ್ರೈಕರ್ ಇಟ್ಟ, ನಾನು ಶುರು ಮಾಡಿದೆ: ಹಂಗಲ್ಲ ಕಣೋ ಬೆರಳು ಹಿಂಗಿಡು, ಅದು ಬಿಡು ಈ ವೈಟ್ ಕಟ್ ಮಾಡು, ಅಯ್ಯೋ ಅಲ್ಲಿ ನೋಡೋ ರೀಬೌಂಡ್ ಇತ್ತಲ್ಲೋ. ಇದರ ಮಧ್ಯ ಅವ್ನ ಅಕ್ಕ ರೆಡ್ ಹಾಕಿ, ಅದರ ಹಿಂದೇನೇ ತನ್ನ ಕಾಯಿ ಒಂದು ಹಾಕಿ ಫಾಲೋನೂ ಮಾಡಿ ಎದ್ದು ಕುಣಿದ್ಳು. ಮೂರನೇ ದಿನ ಚಿಕ್ಕೋನು ಬೋರ್ಡ್ ಮೇಲಿನ ಕಾಯೆಲ್ಲ ಎರಡು ಕೈಯಲ್ಲಿ ಗುಡಿಸಿ ಹಾಕಿ ಮಂಚದ ಕೆಳಗೆ ಹೋಗಿ ಮಲಗಿದ. ಬೋರ್ಡ್ ಗೋಡೆಗೆ ಒರಗಿಸಿಟ್ವಿ, ಹೆಂಡ್ತಿ ಅದರ ಮೇಲೆ ಟವೆಲ್ ಒಣಗ್ಹಾಕೋಕೆ ಶುರು ಮಾಡಿದ್ಳು.

ಕೆಳಗೆ ಇಳಿಸಿದ್ದು ನಮ್ಮಮ್ಮ. ಅವ್ರಿಗೆ ಅರವತ್ತೊಂಬತ್ತು, ಕೇರಂ ಮುಟ್ಟಿದವ್ರೇ ಅಲ್ಲ, ಚೌಕಾಬಾರ ಅಂದ್ರೆ ಮಾತ್ರ ಕಣ್ಣರಳುತ್ತೆ. ಒಂದಿನ ಸಾಯಂಕಾಲ ಕುರ್ಚಿ ಮೇಲೆ ಕೂತು, ಬೋರ್ಡನ್ನ ಸ್ಟೂಲ್ ಮೇಲೆ ಇಡಿಸ್ಕೊಂಡು, "ನಂಗಿದು ಬರಲ್ಲ ಕಣೋ ಪುಟ್ಟ, ಹೇಳ್ಕೊಡು" ಅಂದ್ರು. ನಾಟಕ ಅಲ್ಲ, ನಿಜವಾಗ್ಲೂ ಬರಲ್ಲ. ಸ್ಟ್ರೈಕರ್‌ನ ಹೊಡೆಯೋದೇ ಇಲ್ಲ, ಹಿಟ್ಟು ತಳ್ಳೋ ಥರ ಅಂಗೈಯಲ್ಲಿ ತಳ್ತಾರೆ, ಕಾಯಿ ಪಾಕೆಟ್ ಹತ್ರ ಹೋಗ್ತಿದ್ರೆ "ಹೋಗಮ್ಮ ಹೋಗು" ಅಂತಾರೆ. ಮಗ "ಅಜ್ಜೀ ತಳ್ಬಾರ್ದು, ಫೌಲು!" ಅಂತ ಜೋರಾಗಿ ಕಿರುಚಿದ. ಅಡುಗೆಮನೇಲಿದ್ದ ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ, ಅವ್ನ ಗಂಟಲಲ್ಲಿ ಅಷ್ಟು ಸೌಂಡ್ ಕೇಳಿ ತಿಂಗಳ ಮೇಲಾಗಿತ್ತು.

ಅಲ್ಲಿಂದ ದಿನಾ ಏಳು ಗಂಟೆಗೆ ಅಜ್ಜಿಗೆ ಕ್ಲಾಸು. ನಾನು ಸೇರ್ಕೋಬೇಕಂದ್ರೆ ಅಜ್ಜಿ ಪಾರ್ಟ್ನರ್ ಆಗಿ, ಬಾಯಿ ಮುಚ್ಕೊಂಡು. ಹತ್ತು ದಿನ ಆಗಿರ್ಬೇಕು, ಅವ್ನು ರೆಡ್‌ಗೆ ಗುರಿ ಇಡ್ತಿದ್ದ, ಒಂದು ಕಣ್ಣು ಮುಚ್ಚಿ, ಸ್ಟ್ರೈಕರ್‌ನ ಗೆರೆ ಮೇಲೆ ಚೂರು ಎಡಕ್ಕೆ, ಚೂರು ಬಲಕ್ಕೆ ಸರಿಸ್ತಾ, ತಲೆ ಎತ್ತದೇನೇ ಹೇಳಿದ, "ವ್ಯಾನಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ ಅಜ್ಜಿ."

ನಾನು ಫೋನಿಗೆ ಕೈ ಹಾಕೇ ಬಿಟ್ಟಿದ್ದೆ, ವ್ಯಾನ್ ಡ್ರೈವರ್‌ಗೆ ಮಾಡೋಣ ಅಂತ. ಹೆಂಡ್ತಿ ಕಾಲು ತುಳಿದ್ಳು. ಅಮ್ಮ "ಹೌದಾ?" ಅಂದ್ರು ಅಷ್ಟೇ, "ಹೊಡಿ, ನಿಂದೇ ಆಟ." ಹೊಡೆದ, ರೆಡ್ ಬೀಳ್ಲಿಲ್ಲ. ಆಮೇಲೆ ತಾನಾಗೇ ಒಂದೊಂದೇ ಬಂತು, ಹಳೇ ಹುಡುಗ್ರು ಬ್ಯಾಗ್ ಇಟ್ಟು ಸೀಟ್ ಹಿಡಿಯೋದು, ಇವ್ನು ಡೋರ್ ಹತ್ರ ನಿಂತೇ ಹೋಗೋದು, ಹೊಸ ಹೆಸರೊಂದು ಇಟ್ಟಿರೋದು, ಎಲ್ಲಾ ಬೋರ್ಡ್ ನೋಡ್ಕೊಂಡೇ ಹೇಳಿದ, ನಮ್ಮ ಮುಖ ಒಂದ್ಸಲಾನೂ ನೋಡ್ಲಿಲ್ಲ. ಸೋಫಾ ಮೇಲೆ ಎದುರಿಗೆ ಕೂರಿಸ್ಕೊಂಡು "ಅಪ್ಪನ ಹತ್ರ ಹೇಳೋ" ಅಂತ ನಾನು ಎರಡು ತಿಂಗಳಿಂದ ಕೇಳ್ತಿದ್ದಿದ್ದು ವಿಚಾರಣೆ ಥರ ಆಗಿತ್ತೇನೋ. ವ್ಯಾನ್ ವಿಷ್ಯ ಮರುದಿನ ನಿಧಾನಕ್ಕೆ ಕ್ಲಾಸ್ ಟೀಚರ್ ಹತ್ರ ಮಾತಾಡಿ ಸರಿಮಾಡಿದ್ವಿ, ಅವ್ನನ್ನ ಕೇಳಿಯೇ ಮಾಡಿದ್ವಿ.

ಸೋತಾಗಿನ ಅಳು ಒಂದೇ ಸಲಕ್ಕೆ ನಿಂತಿಲ್ಲ ಮತ್ತೆ. ಮಗಳೇ ಒಂದು ರೂಲ್ ಮಾಡಿದ್ಳು, ಗೆದ್ದವ್ರು ಕಾಯಿ ಎಣಿಸಿ ಡಬ್ಬಿಗೆ ಹಾಕ್ಬೇಕು (ಒಂಬತ್ತು ಬ್ಲ್ಯಾಕು, ಒಂಬತ್ತು ವೈಟು, ಒಂದು ರೆಡ್ಡು), ಸೋತವ್ರು ನಾಳೆ ಮೊದ್ಲು ಹೊಡೀಬೇಕು. ನಾನು ಹೇಳಿದ್ರೆ ನಡೀತಿರ್ಲಿಲ್ಲ.

ಪೌಡರ್ ಬಗ್ಗೆ ಮಾತ್ರ ಸ್ವಲ್ಪ ಸೀರಿಯಸ್ಸಾಗಿ ಕೇಳಿ. ಅಂಗಡೀಲಿ ಬೋರ್ಡ್ ಜೊತೆ ಬೋರಿಕ್ ಪೌಡರ್ ಡಬ್ಬಿ ಫ್ರೀ ಕೊಟ್ರು, ಅದು ಹೊಟ್ಟೆಗೆ ಹೋದ್ರೆ ವಿಷ, ನೋಡೋಕೆ ಸಕ್ಕರೆ ಪುಡಿ ಥರಾನೇ ಇರುತ್ತೆ. ಆಡ್ತಾ ಆಡ್ತಾ ಚಕ್ಕುಲಿ ತಿನ್ನೋ ಮನೆ ನಮ್ದು, ಅದಕ್ಕೆ ಡಬ್ಬಿ ಅಟ್ಟಕ್ಕೆ ಹೋಯ್ತು, ಈಗ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಹಾಕಿ ಬಟ್ಟೇಲಿ ಒರೆಸಿ ಆಡ್ತೀವಿ. ಅಷ್ಟು ಜಾರಲ್ಲ, ಮಳೆಗಾಲದಲ್ಲಿ ಸ್ವಲ್ಪ ಅಂಟುತ್ತೆ, ಪರ್ವಾಗಿಲ್ಲ. ಬೋರಿಕ್ಕೇ ಬೇಕಂದ್ರೆ ಆಟ ಆದ್ಮೇಲೆ ಎಲ್ರೂ ಕೈ ಸೋಪಲ್ಲಿ ತೊಳೀಲೇಬೇಕು, ಅಂಬೆಗಾಲಿಡೋ ಮಗು ಇರೋ ಮನೇಲಂತೂ ಬೇಡ್ವೇ ಬೇಡ, ಆ ವಯಸ್ಸಿಗೆ ಕಾಯಿ ಬಾಯಿಗೆ ಹಾಕ್ಕೊಳ್ಳೋ ಭಯಾನೂ ಇದೆ.

ಇನ್ನೊಂದು, ಕೇರಂ ಬೋರ್ಡ್ ತಂದ್ರೆ ಮಗು ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ನಮ್ಮವ್ನು ಊಟ ನಿದ್ದೆ ಬಿಟ್ಟಿರ್ಲಿಲ್ಲ. ನಿಮ್ಮ ಮಗು ವಾರಗಟ್ಟಲೆ ಸರಿಯಾಗಿ ತಿಂತಿಲ್ಲ, ಮಲಗ್ತಿಲ್ಲ, ಸ್ಕೂಲಿಗೆ ಹೋಗಲ್ಲ ಅಂತಿದೆ, ಸಾಯ್ತೀನಿ ಅನ್ನೋ ಮಾತಾಡಿದೆ ಅಂದ್ರೆ ಆಟ ಗೀಟ ಅಂತ ಕಾಯ್ಬೇಡಿ, 14416ಕ್ಕೆ, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಫ್ರೀ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ, ಮಕ್ಕಳಿಗೆ ಅಂತಾನೇ ಬೇರೆ ವಿಭಾಗ ಇದೆ, ಅಲ್ಲಿಗೆ ಹೋಗೋಕೆ ಯಾರೂ ನಾಚ್ಕೋಬೇಕಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಎರಡು ಕಾರಣಕ್ಕೆ. ಇಡೋಕೆ ಜಾಗ ಬೇಕು, ನಮ್ಮ ಹಾಲಲ್ಲಿ ಬೀರು ಸಂದಿಗೆ ತುರುಕಿದೀವಿ, ಗುಡಿಸೋವಾಗ ದಿನಾ ಅದೊಂದು ಶಾಪ. ಎರಡನೇದು ನೆಟ್, ಮೂರೇ ತಿಂಗಳಿಗೆ ಎರಡು ಮೂಲೇದು ಹರಿದು ಕಾಯಿ ಸೀದಾ ಸೋಫಾ ಕೆಳಗೆ. ಒಂದಕ್ಕೆ ಅಮ್ಮ ಹಳೇ ಸ್ವೆಟರ್ ಉಲ್ಲನ್ನಲ್ಲಿ ಹೆಣೆದು ಹಾಕಿದಾರೆ, ಬಿಳಿ ನೆಟ್‌ಗಳ ಮಧ್ಯ ಅದೊಂದು ಕೆಂಪಗಿದೆ, ಮಗ ಬೇಕಂತಲೇ ಆ ಮೂಲೆಗೇ ಹೊಡೀತಾನೆ. ಬದಲಾಯಿಸೋಕೆ ಹೋಗೋವ್ರು ಹಳೇ ನೆಟ್ ಒಂದನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ, ಎರಡ್ಮೂರು ಸೈಜ್ ಬರುತ್ತೆ, ನಾನು ಅಂದಾಜಲ್ಲಿ ತಂದಿದ್ದು ಇನ್ನೂ ಡ್ರಾಯರಲ್ಲೇ ಬಿದ್ದಿದೆ.