ರೇಸ್ ವಿಮಾನ ಕಟ್ಟುವವರಿಗೊಂದು ಉಚಿತ ಕೈಪಿಡಿ

ಸ್ವತಃ ಕಟ್ಟಿದ ವಿಮಾನವನ್ನು ರೇಸಿಗೆ ಸಜ್ಜುಗೊಳಿಸುವವರು ಮೊದಲು ಓದಬೇಕಾದದ್ದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ಉಚಿತವಾಗಿ ಒದಗಿಸುವ ಎಸಿ 90-89 ಎಂಬ ಹಾರಾಟ ಪರೀಕ್ಷಾ ಕೈಪಿಡಿ. ಪ್ರಮಾಣೀಕೃತ ಎಂಜಿನ್ ಮತ್ತು ಪ್ರೊಪೆಲ್ಲರ್ ಜೋಡಿಯಿದ್ದರೆ ಸಾಮಾನ್ಯವಾಗಿ ಮೊದಲ 25 ಗಂಟೆ, ಇಲ್ಲವಾದರೆ 40 ಗಂಟೆ, ಜನವಸತಿ ವಿರಳವಾದ ನಿಗದಿತ ಪ್ರದೇಶದೊಳಗೇ ಹಾರಿಸಬೇಕೆಂಬ ನಿಯಮ ಏಕಿದೆಯೆಂಬುದು ಇದನ್ನು ಓದಿದಾಗ ಮನದಟ್ಟಾಗುತ್ತದೆ. ಮೂತಿಯನ್ನು ಮೇಲೇರುವ ಭಂಗಿಯಲ್ಲಿ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರಿನ ಬಳಿ ಕೊಳವೆ ಕಳಚಿ, ಡಬ್ಬಕ್ಕೆ ಹರಿಯುವ ಇಂಧನವನ್ನು ಅಳೆಯುವ ವಿಧಾನವನ್ನು ವಿವರಿಸುವ ಭಾಗವಂತೂ ಅತ್ಯುತ್ತಮವಾಗಿದೆ. ಗುರುತ್ವದಿಂದಲೇ ಹರಿಯುವ ವ್ಯವಸ್ಥೆಯಲ್ಲಿ ಈ ಹರಿವು ಎಂಜಿನ್ನಿನ ಗರಿಷ್ಠ ಅಗತ್ಯದ ಶೇ. 150ರಷ್ಟಿರಬೇಕು. ಗಂಟೆಗಳ ಲೆಕ್ಕದ ಬದಲು ಪರೀಕ್ಷೆಗಳನ್ನು ಒಂದೊಂದಾಗಿ ಪೂರೈಸುವ ದಾರಿಯನ್ನು 2023ರ ಆವೃತ್ತಿ ತೋರಿಸಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಆದರೆ ರೇಸಿನ ಪಥ ಗುರುತಿಸುವ ಕಂಬಗಳಾದ ಪೈಲಾನ್‌ಗಳನ್ನು ಸುತ್ತುವ ಕೌಶಲಕ್ಕೆ ಪ್ರತ್ಯೇಕ ತರಬೇತಿ ಪಡೆಯಲೇಬೇಕು.