ಬಾಗಲಕೋಟೆಯಲ್ಲಿ ಮನೆ: ಹಳೇ ಊರೋ, ನವನಗರವೋ, ವಿದ್ಯಾಗಿರಿಯೋ?

ಮೂರರಲ್ಲಿ ಎಲ್ಲಿ ಮನೆ ತಗೊಳ್ಳೋದು ಅಂತ ಕೇಳಿದ್ದೀರಿ. ದರಕ್ಕಿಂತ ಮೊದಲು ನೀರಿನ ಲೆಕ್ಕ ನೋಡಿ. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದಲ್ಲಿ ಅದನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ, ಹಾಗಾದರೆ ಹಳೇ ಊರಿನ ತಗ್ಗು ಭಾಗಗಳಿಗೆ ಹಿನ್ನೀರು ಇನ್ನೂ ಹತ್ತಿರ ಬರುತ್ತದೆ, ಅಲ್ವಾ? ಅಗ್ಗ ಅಂತ ಸುಮ್ನೆ ಕೊಳ್ಳಬೇಡಿ, ಆ ಜಾಗ ಭೂಸ್ವಾಧೀನದ ಪಟ್ಟಿಯಲ್ಲಿದೆಯಾ ವಿಚಾರಿಸಿ. ಮಾರ್ಕೆಟ್ಟಿನಲ್ಲಿ ಅಂಗಡಿ ಇದ್ದವರು ಅಲ್ಲೇ ಬಾಡಿಗೆಗೆ ಇದ್ದರೆ ಸಾಕು.

ನವನಗರ ಈ ಹಿನ್ನೀರಿನಲ್ಲಿ ಮನೆ ಮುಳುಗಡೆಯಾದವರಿಗೆ ಅಂತಲೇ ಕಟ್ಟಿದ್ದು. ಅಗಲ ರಸ್ತೆ, ಸೆಕ್ಟರ್ ಲೆಕ್ಕ, ಜಿಲ್ಲಾಡಳಿತದ ಕಚೇರಿಯೂ ಇಲ್ಲೇ. ಸರ್ಕಾರಿ ನೌಕರರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಸಂತ್ರಸ್ತರ ಸೈಟು ಕೈ ಬದಲಾಗಿದ್ದರೆ ಹಂಚಿಕೆ ಪತ್ರದಿಂದ ಹಿಡಿದು ಎಲ್ಲ ಕಾಗದವನ್ನೂ ವಕೀಲರಿಗೆ ತೋರಿಸಲೇಬೇಕು. ಗಾಡಿ ಇಲ್ಲದವರಿಗೆ ಓಡಾಟ ಸ್ವಲ್ಪ ಜಾಸ್ತಿ.

ವಿದ್ಯಾಗಿರಿಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ, ವಿದ್ಯಾರ್ಥಿಗಳು ರೂಮು ಹುಡುಕುತ್ತಾರೆ. ಮಹಡಿ ಬಾಡಿಗೆಗೆ ಕೊಟ್ಟು ಸಾಲದ ಕಂತು ಕಟ್ಟುವ ಯೋಚನೆ ಇದ್ದರೆ ಇಲ್ಲಿ ನೋಡಿ. ಗದ್ದಲ ಬೇಡ ಅನ್ನುವ ಹಿರಿಯರು ಮನೆಯಲ್ಲಿದ್ದರೆ ನವನಗರದ ಒಳ ಸೆಕ್ಟರುಗಳೇ ವಾಸಿ.